ಏರಿಯಲ್ ಸರಿಯಿತ್ತು, ದೇವದಾಸಣ್ಣ

ಉದ್ಯಾವರ
೧೬ ಫೆಬ್ರವರಿ ೧೯೮೯, ಗುರುವಾರ

ಪ್ರೀತಿಯ ದೇವದಾಸಣ್ಣನಿಗೆ,

ಲಿಯೋನೆಲ್‌ನ ನಮಸ್ಕಾರ. ಬೇಬಿ ಅಕ್ಕನಿಗೂ ಹೇಳಿ.

ಕಳೆದ ಭಾನುವಾರ ಮಟ್ಟುವಿನ ನಿಮ್ಮ ಜಗಲಿಯಲ್ಲಿ ಎರಡು ಗಂಟೆ ಕೂತು ಎದ್ದು ಬಂದೆ. ಊಟ ಮಾಡಿದೆ, ಗುಳ್ಳ ಬದನೆಯ ಗದ್ದೆಯಲ್ಲಿ ನಿಮ್ಮ ಹಿಂದೆ ನಡೆದೆ. ಹೇಳಬೇಕೆಂದು ತಂದ ಮಾತನ್ನು ಮಾತ್ರ ಹೇಳದೆ ವಾಪಸು ತಂದೆ. ನಿಮಗೀಗ ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಒಂದಿಷ್ಟು ಕೇಳಿಸುತ್ತದೆ, ಅಷ್ಟೆ. ಇದು ಕೂಗಿ ಹೇಳುವ ಮಾತಲ್ಲ. ಕೂಗಿದ್ದರೆ ನಿಮಗಿಂತ ಮೊದಲು ಆಚೆ ಗದ್ದೆಯವರಿಗೆ ತಿಳಿಯುತ್ತಿತ್ತು. ಬಂದವರು ಬರೆಯಲೆಂದು ನೀವು ಇಟ್ಟುಕೊಂಡಿರುವ ಸ್ಲೇಟನ್ನು ಎತ್ತಿಕೊಂಡೆ. ಬಳಪ ಹಿಡಿದು ಬಹಳ ಹೊತ್ತು ಯೋಚಿಸಿ, ಕೊನೆಗೆ ‘ಈ ಸಲ ಬೆಳೆ ಹೇಗುಂಟು’ ಎಂದು ಬರೆದೆ. ನೀವು ಓದಿ ನಕ್ಕಿರಿ. ‘ಇದನ್ನು ಕೇಳ್ಲಿಕ್ಕೆ ಕಟಪಾಡಿಯಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡ್ಕೊಂಡು ಬಂದದ್ದಾ ಪೊರ್ಬು?’ ಎಂದಿರಿ. ನಮ್ಮ ಕಡೆ ತುಳುವರು ಕ್ರಿಶ್ಚಿಯನರನ್ನು ಪೊರ್ಬು ಎಂದು ಕರೆಯುವುದು ವಾಡಿಕೆ. ಆದರೆ ಹದಿನಾಲ್ಕು ವರ್ಷಗಳಲ್ಲಿ ಅದು ನನ್ನ ಹೆಸರೇ ಆಗಿಬಿಟ್ಟದ್ದು ನಿಮ್ಮ ಬಾಯಿಯಲ್ಲಿ ಮಾತ್ರ.

ಅದಕ್ಕೆ ಈ ಕಾಗದ. ನಾವು ಆಡಿದ್ದೆಲ್ಲ ತುಳುವಿನಲ್ಲಿ, ಬರೆಯಲಿಕ್ಕೆ ಬರುವುದು ಶಾಲೆಯ ಕನ್ನಡ. ಅಲ್ಲಲ್ಲಿ ಪೇಪರಿನಲ್ಲಿ ಬರೆದ ಹಾಗೆ ಕಂಡರೆ ಬೇಸರ ಮಾಡಬೇಡಿ. ವಿಷಯಕ್ಕೆ ನೇರ ಬರಬೇಕು, ಗೊತ್ತು. ಆದರೆ ಒಳ್ಳೆಯ ದಿನಗಳನ್ನು ಮೊದಲು ಬರೆಯುತ್ತೇನೆ. ವಿಷಯ ತಿಳಿದ ಮೇಲೆ ನೀವು ಅವುಗಳನ್ನು ಹೇಗೆ ನೆನೆಯುತ್ತೀರೋ ಎಂಬ ಹೆದರಿಕೆ ನನಗುಂಟು. ಈಗಲೇ ಒಮ್ಮೆ ಇಬ್ಬರೂ ಸೇರಿ ನೆನೆದುಬಿಡೋಣ.

ಎಪ್ಪತ್ತೈದರ ಫೆಬ್ರವರಿಯಲ್ಲಿ ನೀವು ಮೊದಲ ಸಲ ಉಡುಪಿಯ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂದದ್ದು ಸಿಟ್ಟಿನಲ್ಲಿ. ಸರ್ವಿಸ್ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ನಿಮ್ಮ ಹಳದಿ ತಲೆಯ ಕಪ್ಪು ಅಂಬಾಸಿಡರನ್ನು ಹೇಗೋ ತೂರಿಸಿ ತಂದು, ಹೆಗಲ ಬೈರಾಸಿನಲ್ಲಿ ಸುತ್ತಿದ್ದ ಒಂದು ಕಾರ್ ರೇಡಿಯೋವನ್ನು ನನ್ನ ಮೇಜಿನ ಮೇಲಿಟ್ಟಿರಿ. ಅದು ಕಾಪುವಿನ ಜಲಾಲ್ ದುಬೈಯಿಂದ ತಂದು ನಿಮಗೆ ಕೊಟ್ಟದ್ದು. ಹಿಂದಿನ ಮಳೆಗಾಲದಲ್ಲಿ, ರಸ್ತೆಯ ಮೇಲೆಲ್ಲ ನೀರು ನಿಂತಿದ್ದ ಒಂದು ಬೆಳಿಗ್ಗೆ, ಉಸಿರು ಸಿಕ್ಕದೆ ಒದ್ದಾಡುತ್ತಿದ್ದ ಅವನ ತಾಯಿ ಸಾರಮ್ಮನನ್ನು ನೀವು ಮಣಿಪಾಲದ ಆಸ್ಪತ್ರೆಗೆ ಮುಟ್ಟಿಸಿದ್ದಿರಿ. ‘ನನ್ನ ಹತ್ತಿರ ಕಾರಿಲ್ಲ, ನಿಮ್ಮ ಹತ್ತಿರ ಉಂಟು. ಉಮ್ಮ ಹೇಳಿದ್ದಾರೆ, ಇದು ನಿಮಗೇ’ ಎಂದು ಜಲಾಲ್ ಕೊಟ್ಟಿದ್ದನಂತೆ. ನೀವೇ ಬ್ಯಾಟರಿಗೆ ವಯರ್ ಸಿಕ್ಕಿಸಿ ಸೀಟಿನ ಮೇಲಿಟ್ಟು ನೋಡಿದರೆ ಬರೀ ಸುಂಯ್ ಎಂಬ ಸದ್ದು. ‘ದುಬೈಯದ್ದು ದುಬೈಯಲ್ಲೇ ಮಾತಾಡುವುದಾ ಹೇಗೆ?’ ಎಂದು ಕೇಳಿದಿರಿ.

ನಾನು ನಗದೆ ಉತ್ತರ ಕೊಟ್ಟೆನೆಂದು ನೀವು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು. ಮನೆಯ ಟ್ರಾನ್ಸಿಸ್ಟರಿಗೆ ಒಳಗೇ ತಂತಿ ಸುತ್ತಿದ ಕಪ್ಪು ಕಡ್ಡಿ ಇರುತ್ತದೆ, ಹೆಂಚಿನ ಮನೆಯೊಳಗೆ ಅಲೆಗಳು ಸಲೀಸಾಗಿ ಬರುತ್ತವೆ, ಅದಕ್ಕೆ ಅಷ್ಟು ಸಾಕು ಎಂದೆ. ಕಾರು ಎಂದರೆ ತಗಡಿನ ಪೆಟ್ಟಿಗೆ. ಅಲೆ ತಗಡಿನ ಹೊರಗೇ ಉಳಿಯುತ್ತದೆ. ಹೊರಗೆ ಒಂದು ಕೋಲು ನಿಲ್ಲಿಸಿ ಅದನ್ನು ಹಿಡಿದು ಒಳಗೆ ತರಬೇಕು ಎಂದೆ. ನೀವು ತಲೆಯಾಡಿಸುತ್ತ ಕೇಳಿದಿರಿ. ಕೋಲು ನಿಲ್ಲಿಸಲು ಮಡ್‌ಗಾರ್ಡಿಗೆ ತೂತು ಕೊರೆಯಬೇಕು ಎಂದಾಗ ಮಾತ್ರ ನಿಮ್ಮ ಮುಖ ಇಳಿದುಹೋಯಿತು. ನಾನು ಡ್ರಿಲ್ ಹಿಡಿದಾಗ ನೀವು ಓಣಿಯ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತಿರಿ. ‘ನನ್ನ ಮೈಗೇ ತೂತು ಮಾಡಿದ ಹಾಗಾಯ್ತು ಮಾರಾಯ’ ಎಂದಿರಿ. ಅಷ್ಟಕ್ಕೇ ಮುಗಿಯಲಿಲ್ಲ. ತೂತಿನ ಸುತ್ತ ಒಳಬದಿಯ ಬಣ್ಣವನ್ನು ನಾನು ಉಪ್ಪುಕಾಗದದಲ್ಲಿ ಉಜ್ಜಿ ಬರೀ ಕಬ್ಬಿಣ ಕಾಣುವ ಹಾಗೆ ಮಾಡತೊಡಗಿದಾಗ ಓಡಿಬಂದು ಕೈ ಹಿಡಿದಿರಿ. ಕೋಲು ಏರಿಯಲ್‌ನ ಅರ್ಧ ಮಾತ್ರ, ಇನ್ನರ್ಧ ನಿಮ್ಮ ಕಾರಿನ ಮೈಯೇ, ಅವೆರಡರ ನಡುವೆ ಬಣ್ಣವೋ ತುಕ್ಕೋ ಬಂದರೆ ಸದ್ದು ಹಾಳಾಗುತ್ತದೆ ಎಂದು ಹೇಳಿದ ಮೇಲೆ ಕೈ ಬಿಟ್ಟಿರಿ.

ಎಲ್ಲ ಜೋಡಿಸಿ, ಕೋಲನ್ನು ಪೂರ್ತಿ ಎಳೆದು, ದೂರದ ಒಂದು ಮಂದ ಸ್ಟೇಷನ್ ಹಿಡಿದು, ರೇಡಿಯೋದ ಬದಿಯ ಸಣ್ಣ ತಿರುಪನ್ನು ಬಿದಿರು ಕಡ್ಡಿಯಿಂದ ಕೂದಲೆಳೆಯಷ್ಟು ತಿರುಗಿಸಿದೆ. ಕಬ್ಬಿಣದ ಸ್ಕ್ರೂಡ್ರೈವರ್ ತಾಗಿಸಿದರೆ ಅದರ ಹದ ತಪ್ಪುತ್ತದೆ. ಎಲ್ಲೋ ಬಾವಿಯೊಳಗಿದ್ದ ಹಾಗಿದ್ದ ಧಾರವಾಡ ಒಮ್ಮೆಲೇ ಪಕ್ಕದ ಸೀಟಿಗೆ ಬಂದು ಕೂತಿತು. ನೀವು ಬಾಯಿ ತೆರೆದು ನನ್ನ ಮುಖ ನೋಡಿದಿರಿ. ಕೂಡಲೇ ಇಂಜಿನ್ ಶುರು ಮಾಡಿದಿರಿ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ರೇಡಿಯೋ ಚರ್ರೆಂದಿತು. ನಿಮ್ಮ ಬಾಯಿ ಮುಚ್ಚಿತು. ಪ್ಲಗ್ಗಿನ ಕಿಡಿಯ ಗಲಾಟೆ ಅದು. ಅದನ್ನು ಅಡಗಿಸಲು ನನಗೆ ಮತ್ತೆ ಎರಡು ದಿನ ಬೇಕಾಯಿತು. ಆ ಎರಡು ದಿನವೂ ನೀವು ಬಾಡಿಗೆ ಬಿಟ್ಟು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಿರಿ. ನಾವು ಗೆಳೆಯರಾದದ್ದು ಆ ಎರಡು ದಿನಗಳಲ್ಲಿ.

ಮುಂದಿನ ತಿಂಗಳೇ ಹಾಕಿ ವಿಶ್ವಕಪ್ಪಿನ ಫೈನಲ್. ಕಾಪು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಮ್ಮ ಕಾರಿನ ನಾಲ್ಕೂ ಬಾಗಿಲು ತೆರೆದು ನಿಲ್ಲಿಸಿದ್ದಿರಿ. ಪೇಟೆಗೆ ಪೇಟೆಯೇ ಸುತ್ತ ನಿಂತಿತ್ತು. ಕಾಮೆಂಟರಿಯ ಹಿಂದಿ ಅರ್ಧ ಜನಕ್ಕೆ ತಿಳಿಯದು, ಆದರೆ ದನಿ ಏರಿದರೆ ಇವರೂ ಏರುವುದು, ಇಳಿದರೆ ಇವರೂ ಇಳಿಯುವುದು. ನಡುವೆ ಸದ್ದು ಸ್ವಲ್ಪ ಕುಗ್ಗಿದಾಗ ನೀವು ಏರಿಯಲ್ ಕೋಲನ್ನು ಕೈಯಲ್ಲಿ ಹಿಡಿದಿರಿ, ದನಿ ಹೆಚ್ಚಿತು. ಬಿಟ್ಟರೆ ಕುಗ್ಗಿತು. ಕೊನೆಯ ಹತ್ತು ನಿಮಿಷ ಜನ ನಿಮ್ಮನ್ನು ಅಲ್ಲಾಡಲಿಕ್ಕೆ ಬಿಡಲಿಲ್ಲ. ‘ಕೈ ತೆಗೀಬೇಡ ದೇವದಾಸ, ಕೈ ತೆಗೆದ್ರೆ ಸೋಲ್ತೇವೆ’ ಎಂದು ಎಲ್ಲರೂ ಕೂಗುತ್ತಿದ್ದರು. ಗೆದ್ದ ಮೇಲೆ ನಿಮ್ಮನ್ನೇ ಎತ್ತಿಕೊಂಡರು. ಸಾರಮ್ಮ ಮನೆಯ ಬಾಗಿಲಲ್ಲಿ ನಿಂತು ನೋಡಿ, ಒಂದು ತಟ್ಟೆ ಖರ್ಜೂರ ಕಳಿಸಿದ್ದರು.

ಆಮೇಲೆ ನಮ್ಮ ಭಾನುವಾರಗಳು. ಬೆಳಗಿನ ಪೂಜೆ ಮುಗಿಸಿ ನಾನು ಇಗರ್ಜಿಯ ಗೇಟಿನಿಂದ ಹೊರಗೆ ಬರುವಾಗ ನಿಮ್ಮ ಕಾರು ನಿಂತಿರುತ್ತಿತ್ತು. ಬಾಡಿಗೆ ಇದ್ದರೆ ಬಾಡಿಗೆಯವರ ಜೊತೆ, ಇಲ್ಲದಿದ್ದರೆ ನಾವಿಬ್ಬರೇ. ಕಾರ್ಕಳದಲ್ಲಿ ನನ್ನ ಅಕ್ಕ ಆಂಜೆಲಾಳ ಮನೆಗೆ ಅಮ್ಮನನ್ನು ಕರೆದುಕೊಂಡು ಹೋಗುವಾಗ ಹಿಂದಿನ ಸೀಟಿನಲ್ಲಿ ಅಮ್ಮ ಜಪಮಾಲೆ ಹಿಡಿದಿರುತ್ತಿದ್ದಳು, ಮುಂದೆ ನಾವಿಬ್ಬರು ಸ್ಟೇಷನ್ ಹುಡುಕುತ್ತಿದ್ದೆವು. ಮಣಿಪಾಲದ ಗುಡ್ಡ ಹತ್ತುತ್ತಿದ್ದಂತೆ ದನಿ ತೆರೆದುಕೊಳ್ಳುವುದು, ಹಿರಿಯಡ್ಕದ ಇಳಿಜಾರಿನಲ್ಲಿ ಮುದುಡುವುದು, ದೊಡ್ಡ ಕರೆಂಟು ಲೈನಿನ ಕೆಳಗೆ ಜೇನು ಎದ್ದ ಹಾಗೆ ಗುಂಯ್ ಎನ್ನುವುದು, ಮತ್ತೆ ಕಾರ್ಕಳದ ಬಂಡೆ ಕಾಣುವ ಹೊತ್ತಿಗೆ ಸರಿಯಾಗುವುದು. ಇದೆಲ್ಲ ನಿಮಗೆ ಬಾಯಿಪಾಠವಾಗಿತ್ತು. ಒಮ್ಮೆ ಕಾರು ಕೆಟ್ಟು, ನನ್ನ ಮಾಮ ಮ್ಯಾಥ್ಯೂ ಜೀಪಿನಲ್ಲಿ ಅದನ್ನು ಎಳೆದುಕೊಂಡು ಬರುತ್ತಿದ್ದಾಗ, ಸ್ಟಿಯರಿಂಗ್ ನನಗೆ ಕೊಟ್ಟು ನೀವು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ರೇಡಿಯೋ ಸದ್ದು ಕೇಳಿಯೇ ‘ಇದು ಬೈಲೂರು’ ಎಂದಿರಿ. ಕಣ್ಣು ಬಿಟ್ಟರೆ ಬೈಲೂರೇ. ಅಂಥ ಕಿವಿ ನಿಮ್ಮದು.

ಸಂಜೆಯ ಹೊತ್ತು ಕಾಪುವಿನ ದೀಪಸ್ತಂಭದ ಹತ್ತಿರ ಕಾರು ನಿಲ್ಲಿಸಿ ಕಡಲಿಗೆ ಮುಖ ಮಾಡಿ ಕೂರುತ್ತಿದ್ದೆವಲ್ಲ. ಸೂರ್ಯ ಮುಳುಗುತ್ತಿದ್ದ ಹಾಗೆ ಹಗಲಿಡೀ ಇಲ್ಲದ ಸ್ಟೇಷನ್‌ಗಳು ಒಂದೊಂದಾಗಿ ಬರುತ್ತಿದ್ದವು. ಮೊದಲು ಸಿಲೋನ್, ಆಮೇಲೆ ಉಪ್ಪುನೀರಿನ ಮೇಲೆ ಜಾರಿಕೊಂಡು ಬಂದ ಹಾಗೆ ಅರಬಿ ಹಾಡುಗಳು. ಜಲಾಲ್ ಇರುವ ಊರಿನ ದನಿ ಇದೇ ಇರಬಹುದೆಂದು ನೀವು ಒಮ್ಮೆ ಸಾರಮ್ಮನನ್ನೂ ಕರೆತಂದಿರಿ. ಅವರು ಕಾರಿನ ಬಾಗಿಲಿಗೆ ಒರಗಿ ನಿಂತು ಅರ್ಥವಾಗದ ಹಾಡನ್ನು ಕೊನೆತನಕ ಕೇಳಿ, ‘ನನ್ನ ಮಗನಿಗೂ ಈಗ ಇದೇ ಕೇಳ್ತಾ ಉಂಟಾ?’ ಎಂದರು. ‘ಹೌದು, ಇದೇ’ ಎಂದಿರಿ ನೀವು. ನಮ್ಮ ಆಕಾಶವಾಣಿ ಮಂಗಳೂರಿಗೇ ಬಂದ ಮೇಲೆ ಊರಿನ ಮಾತಿಗೆ ಏರಿಯಲ್ ಎಳೆಯುವ ಅಗತ್ಯವೂ ಇರಲಿಲ್ಲ. ಆದರೂ ನೀವು ಎಳೆಯುತ್ತಿದ್ದಿರಿ, ಕರ್ಚೀಫಿನಲ್ಲಿ ಒರೆಸುತ್ತಿದ್ದಿರಿ.

ಇಲ್ಲಿಯ ತನಕದ್ದು ನಮ್ಮಿಬ್ಬರದು. ಇನ್ನು ಮುಂದಿನದ್ದು ನನ್ನೊಬ್ಬನದು.

ಎಂಬತ್ತರ ಮಳೆಗಾಲ ಮುಗಿದ ಮೇಲೆ ನೀವು ಹೇಳತೊಡಗಿದಿರಿ: ‘ಪೊರ್ಬು, ಸದ್ದು ಕಮ್ಮಿ ಆಗಿದೆ.’ ಕಡಲ ಬದಿಯ ಗಾಡಿ, ಉಪ್ಪಿನ ಗಾಳಿ; ಕೋಲಿನ ಬುಡ ತುಕ್ಕು ಹಿಡಿದಿತ್ತು. ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಿದೆ. ಎರಡು ತಿಂಗಳಿಗೆ ಮತ್ತೆ ಬಂದಿರಿ. ಕೇಬಲ್ ಬದಲಿಸಿದೆ. ಮತ್ತೆ ಬಂದಿರಿ. ಕೋಲನ್ನೇ ಬದಲಿಸಿ ಇನ್ನೂ ಉದ್ದದ್ದು ಹಾಕಿದೆ. ದೂರದ ಸ್ಟೇಷನ್‌ಗಳು ನನ್ನ ಕಿವಿಗೆ ಮೊದಲಿಗಿಂತ ಚೆನ್ನಾಗಿಯೇ ಬರುತ್ತಿದ್ದವು. ನೀವು ಮಾತ್ರ ತಲೆಯಲ್ಲಾಡಿಸುತ್ತಿದ್ದಿರಿ.

ಎಂಬತ್ತೊಂದರ ಮೇ ತಿಂಗಳ ಆ ಸಂಜೆ ನಿಮಗೆ ನೆನಪಿರಲಿಕ್ಕಿಲ್ಲ. ಕಾಪುವಿನಲ್ಲಿ ಅದೇ ಜಾಗದಲ್ಲಿ ಕೂತಿದ್ದೆವು. ವಾರ್ತೆ ಬರುತ್ತಿತ್ತು. ನೀವು ಸದ್ದನ್ನು ಎಷ್ಟು ಏರಿಸಿದ್ದಿರಿ ಎಂದರೆ ದಂಡೆಯಲ್ಲಿ ಬಲೆ ಸರಿಪಡಿಸುತ್ತಿದ್ದವರು ತಿರುಗಿ ನೋಡುತ್ತಿದ್ದರು. ನೀವು ಹೇಳಿದಿರಿ: ‘ಎಂತ ಮಾರಾಯ ಇದು, ಗಂಡಸು ಓದಿದ್ರೆ ತಿಳೀತದೆ, ಹೆಂಗಸು ಓದಿದ್ರೆ ಬರೀ ಗೊಣಗೊಣ. ನಿನ್ನ ಏರಿಯಲ್ ಸರಿ ಇಲ್ಲ.’

ದೇವದಾಸಣ್ಣ, ಏರಿಯಲ್ ಕೆಟ್ಟರೆ ದೂರದ ಸ್ಟೇಷನ್ ಹೋಗಿ ಹತ್ತಿರದ್ದು ಉಳಿಯುತ್ತದೆ. ಇಂಜಿನ್ನಿನ ಸದ್ದು ಒಳಗೆ ಬರುತ್ತದೆ. ಬಿಟ್ಟು ಬಿಟ್ಟು ಬರುತ್ತದೆ. ಒಂದೇ ಸ್ಟೇಷನ್ನಿನಲ್ಲಿ ಗಂಡಸಿನ ದನಿ ಉಳಿದು ಹೆಂಗಸಿನ ದನಿ ಮಾತ್ರ ಅಳಿಸಿಹೋಗುವ ಏರಿಯಲ್ ಈ ಭೂಮಿಯ ಮೇಲೆ ಇಲ್ಲ. ನೀವು ಮಾತು ಮುಗಿಸುವ ಮೊದಲೇ ನನಗೆ ತಿಳಿಯಿತು. ಆದರೂ ಖಾತ್ರಿ ಮಾಡಿಕೊಳ್ಳೋಣವೆಂದು ರೇಡಿಯೋ ಆರಿಸಿ, ಕಾರಿನಿಂದಿಳಿದು, ಏರಿಯಲ್‌ನ ಬುಡ ನೋಡುವ ನೆಪದಲ್ಲಿ ನಿಮ್ಮ ಬೆನ್ನ ಹಿಂದೆ ಹೋಗಿ ನಿಂತೆ. ನೀವೂ ಇಳಿದು ಕಡಲು ನೋಡುತ್ತ ನಿಂತಿದ್ದಿರಿ. ‘ದೇವದಾಸಣ್ಣ’ ಎಂದು ಕರೆದೆ. ಎರಡನೆಯ ಸಲ ಕರೆದೆ. ಮೂರನೆಯ ಸಲ ಸ್ವಲ್ಪ ಜೋರಾಗಿಯೇ ಕರೆದೆ. ಬಲೆಯವರು ನನ್ನತ್ತ ನೋಡಿದರು, ನೀವು ನೋಡಲಿಲ್ಲ.

ಆಗ ಹೇಳಬೇಕಿತ್ತು. ನಾನು ನಿಮ್ಮ ಪಕ್ಕಕ್ಕೆ ಬಂದು, ‘ಇನ್ನೊಂದು ಉಪಾಯ ಉಂಟು, ನೋಡುವ’ ಎಂದೆ.

ಉಪಾಯವೆಂದರೆ ಏನು? ಮುಂದಿನ ವಾರ ಒಂದು ದೊಡ್ಡ ಸ್ಪೀಕರ್ ತಂದು ನಿಮ್ಮ ಬದಿಯ ಬಾಗಿಲಿಗೆ, ನಿಮ್ಮ ಬಲಗಿವಿಗೆ ಹತ್ತಿರವಾಗುವ ಹಾಗೆ ಕೂರಿಸಿದೆ. ತೀಕ್ಷ್ಣ ಸದ್ದು ಹೆಚ್ಚಾಗುವ ಹಾಗೆ ಒಳಗೆ ಒಂದೆರಡು ಬದಲಾವಣೆ ಮಾಡಿದೆ. ನಿಮಗೆ ಕೇಳಿಸಿತು. ಹೆಂಗಸಿನ ದನಿಯೂ ಕೇಳಿಸಿತು. ನೀವು ನನ್ನ ಹೆಗಲ ಮೇಲೆ ಕೈಹಾಕಿ ಸ್ಟ್ಯಾಂಡಿನ ಎಲ್ಲರಿಗೂ ತೋರಿಸಿದಿರಿ: ‘ನಮ್ಮ ಲಿಯೋನೆಲ್ ಮುಟ್ಟಿದರೆ ಕಲ್ಲೂ ಮಾತಾಡ್ತದೆ.’ ನನಗೆ ಅಷ್ಟು ಹೊಗಳಿಕೆ ಸಾಕಾಯಿತು. ಒಬ್ಬ ಡ್ರೈವರಿಗೆ ನಿನ್ನ ಕಿವಿ ಹೋಗುತ್ತಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ ಎಂಬುದು ನಿಜ. ಹೇಳಿದರೆ ನೀವು ಕಾರು ಬಿಡಬೇಕಾಗುತ್ತಿತ್ತು, ಕಾರು ಬಿಟ್ಟರೆ ನನ್ನ ಭಾನುವಾರಗಳು ಮುಗಿಯುತ್ತಿದ್ದವು ಎಂಬುದೂ ಅಷ್ಟೇ ನಿಜ. ಅಮ್ಮನ ಹೊರತು ನನಗೆ ಮನೆಯಲ್ಲಿ ಯಾರಿದ್ದರು? ನಿಮ್ಮ ಮೇಲಿನ ಕನಿಕರ ಎಷ್ಟು, ನನ್ನ ಸ್ವಾರ್ಥ ಎಷ್ಟು ಎಂದು ಇಷ್ಟು ವರ್ಷ ಬೇರೆ ಮಾಡಿ ನೋಡಲು ಯತ್ನಿಸಿದ್ದೇನೆ. ಆಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಉಂಟು. ಆ ವರ್ಷ ಡಿಸೆಂಬರಿನಲ್ಲಿ ಬೇಬಿ ಅಕ್ಕ ಉಡುಪಿಗೆ ಬಂದವರು ನನ್ನ ಅಂಗಡಿಗೆ ಬಂದರು. ನಿಮಗೆ ಗೊತ್ತಿಲ್ಲದೆ ಬಂದಿದ್ದರು. ಕೂರಿ ಎಂದರೆ ಕೂರಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದರು: ‘ಪೊರ್ಬುಗಳೇ, ಮನೆಯಲ್ಲಿ ಹಿಂದಿನಿಂದ ಕರೆದ್ರೆ ಇವರು ಓ ಅನ್ನುವುದಿಲ್ಲ. ನಾನು ಕೇಳಿದ್ರೆ ಸಿಟ್ಟು ಬರ್ತದೆ. ನೀವು ಅವರ ಜೊತೆ ಗಾಡಿಯಲ್ಲಿ ಕೂತು ರೇಡಿಯೋ ಕೇಳುವವರಲ್ವಾ, ನಿಮಗೆ ಗೊತ್ತಿರ್ತದೆ. ಅವರ ಕಿವಿ ಸರಿ ಉಂಟಾ?’

ನಾನು ಏನು ಹೇಳಿದೆ ಗೊತ್ತೇ? ‘ಕಿವಿಗೆ ಎಂತ ಆಗ್ಲಿಲ್ಲ ಅಕ್ಕ. ಅದು ಏರಿಯಲ್‌ದು ತೊಂದರೆ, ಉಪ್ಪುಗಾಳಿ. ನಾನು ಸರಿ ಮಾಡಿದ್ದೇನೆ.’

ಅವರ ಮುಖ ಅರಳಿತು. ಯಂತ್ರ ಬಲ್ಲವನು ಹೇಳಿದ ಮೇಲೆ ಮುಗಿಯಿತೆಂದು ನಂಬಿ, ಕೈಮುಗಿದು ಹೋದರು. ಕಾಪುವಿನಲ್ಲಿ ಒಂದು ಸಂಜೆ ಸುಮ್ಮನಿದ್ದದ್ದಕ್ಕೆ ನಾನು ನನಗೇ ನೂರು ಕಾರಣ ಕೊಟ್ಟುಕೊಳ್ಳಬಲ್ಲೆ. ಈ ಸುಳ್ಳಿಗೆ ಒಂದೂ ಇಲ್ಲ.

ಮೂರು ತಿಂಗಳು ಕಳೆಯಿತು. ಎಂಬತ್ತೆರಡರ ಮಾರ್ಚ್ ಹದಿನಾಲ್ಕು, ಭಾನುವಾರ. ಪೂಜೆ ಮುಗಿಸಿ ಉದ್ಯಾವರದ ಹೆದ್ದಾರಿಯ ಬದಿಯಲ್ಲಿ ನಾನು ನಿಮ್ಮನ್ನೇ ಕಾಯುತ್ತಿದ್ದೆ. ನೀವು ಸಾರಮ್ಮನನ್ನು ಉಡುಪಿಯ ಅವರ ಮಗಳು ಜುಬೈದಾಳ ಮನೆಗೆ ಬಿಡಲು ಕಾಪುವಿನಿಂದ ಬರುತ್ತಿದ್ದಿರಿ. ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಳ್ಳುವುದಿತ್ತು. ದೂರದಲ್ಲಿ ಕಾರು ಕಂಡಿತು. ಹಿಂದಿನಿಂದ ಮಲ್ಪೆಗೆ ಹೋಗುವ ಖಾಲಿ ಮೀನಿನ ಲಾರಿ ಬರುತ್ತಿತ್ತು. ಅದು ನಿಮ್ಮನ್ನು ದಾಟಲು ಹಾರ್ನ್ ಹಾಕಿತು. ಒಂದಲ್ಲ, ಎರಡಲ್ಲ. ಉದ್ದಕ್ಕೆ ಒತ್ತಿ ಹಿಡಿದೇ ಬಂತು. ನಿಂತ ಬಸ್ಸೊಂದನ್ನು ತಪ್ಪಿಸಲು ನೀವು ನಿಧಾನವಾಗಿ ಬಲಕ್ಕೆ ಬಂದಿರಿ. ಹಿಂದೆ ನೋಡಿ ಎಂದು ನಾನು ಇಲ್ಲಿಂದ ಕೈ ಬೀಸಿದೆ. ನಾನು ಕೈಬೀಸಿ ಕರೆಯುತ್ತಿದ್ದೇನೆಂದು ತಿಳಿದು ನೀವೂ ಕಿಟಕಿಯಿಂದ ಕೈ ಬೀಸಿದಿರಿ.

ಲಾರಿ ಬಲ ಮಡ್‌ಗಾರ್ಡಿಗೆ ಬಡಿದು ಕಾರನ್ನು ಅಡ್ಡ ತಿರುಗಿಸಿ ನಿಂತಿತು. ಓಡಿಬಂದು ಬಾಗಿಲು ಎಳೆದಾಗ ಸಾರಮ್ಮ ಹಿಂದಿನ ಸೀಟಿನ ಕೆಳಗೆ ಕೈ ಮಡಿಸಿ ಬಿದ್ದು ‘ಯಾ ಅಲ್ಲಾ’ ಎನ್ನುತ್ತಿದ್ದರು. ನಿಮ್ಮ ಹಣೆಯಿಂದ ರಕ್ತ ಸುರಿಯುತ್ತಿತ್ತು. ಲಾರಿಯ ಡ್ರೈವರ್ ಕಿಟ್ಟ ಇಳಿದುಬಂದು ಕೂಗಿದ: ‘ಎಷ್ಟು ಹಾರ್ನ್ ಹಾಕಿದೆ ಮಾರಾಯ್ರೆ! ಕಿವಿ ಕೇಳುವುದಿಲ್ವಾ ನಿಮಗೆ?’ ನೀವು ಅವನ ತುಟಿ ನೋಡಿದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ. ‘ಪೊರ್ಬು, ಹಾರ್ನ್ ಹಾಕಿದ್ದಾ?’

ನಾನು ಹೌದೆಂದು ತಲೆಯಾಡಿಸಿದೆ.

ನಿಮ್ಮ ಮುಖದಲ್ಲಿ ಆಗ ಕಂಡದ್ದನ್ನು ನಾನು ಬರೆಯಲಾರೆ. ನೀವು ಕಾರಿನ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟು, ಸಾರಮ್ಮನನ್ನು ಇನ್ನೊಂದು ಕಾರಿಗೆ ಎತ್ತಿ ಕೂರಿಸಿ ಅವರ ಜೊತೆ ಮಣಿಪಾಲಕ್ಕೆ ಹೋದಿರಿ. ಅಲ್ಲಿಂದ ಮುಂದೆ ಒಂದು ದಿನವೂ ಸ್ಟಿಯರಿಂಗ್ ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ನಿಮ್ಮ ಹಣೆಗೆ ಹೊಲಿಗೆ ಹಾಕಿದ ಡಾಕ್ಟರೇ ಕಿವಿಯನ್ನೂ ಪರೀಕ್ಷಿಸಿ, ಎರಡೂ ಕಡೆಯ ನರ ಬಾಡುತ್ತಿದೆ, ಇದಕ್ಕೆ ಮದ್ದಿಲ್ಲ, ಎರಡು ವರ್ಷದಿಂದಾದರೂ ಶುರುವಾಗಿರಬೇಕು ಎಂದರು. ನೀವೇ ಹೋಗಿ ಲೈಸೆನ್ಸ್ ಒಪ್ಪಿಸಿದಿರಿ. ಸಾರಮ್ಮನ ಎಡಗೈ ಮೊಣಕೈಯಲ್ಲಿ ಮುರಿದದ್ದು ಕೂಡಿಕೊಂಡಿತು, ಆದರೆ ಪೂರ್ತಿ ನೆಟ್ಟಗಾಗಲಿಲ್ಲ. ಅವರು ಪೊಲೀಸರಿಗೆ ನಿಮ್ಮ ಮೇಲೆ ಒಂದು ಮಾತೂ ಹೇಳಲಿಲ್ಲ. ನೀವು ಕಾರು ಮಾರಿ ಕಾಪು ಬಿಟ್ಟು ಬೇಬಿ ಅಕ್ಕನ ತಾಯಿಮನೆಯ ಜಾಗಕ್ಕೆ ಹೋಗಿ, ನಲವತ್ತಾರನೆಯ ವಯಸ್ಸಿನಲ್ಲಿ ಗುಳ್ಳ ಬೆಳೆಯುವುದನ್ನು ಮೊದಲಿನಿಂದ ಕಲಿತಿರಿ. ನಾನು ವರ್ಷಕ್ಕೆ ಒಂದೆರಡು ಸಲ ಬಂದು, ತಿಂದು, ಹೋಗುತ್ತಿದ್ದೆ.

ಕಳೆದ ಭಾನುವಾರ ಊಟಕ್ಕೆ ಕೂತಾಗ ನಿಮ್ಮ ನೆರೆಮನೆಯ ಸರ್ವೋತ್ತಮರೂ ಇದ್ದರಲ್ಲ. ನನ್ನನ್ನು ತೋರಿಸಿ ನೀವು ಅವರಿಗೆ ಹೇಳಿದಿರಿ: ‘ಇವ ನನ್ನ ಏರಿಯಲ್‌ಗೋಸ್ಕರ ಎಷ್ಟು ಒದ್ದಾಡಿದ್ದಾನೆ ಗೊತ್ತುಂಟಾ? ಪಾಪ, ಇವನಿಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಾಗ್ಲಿಲ್ಲ.’ ಅನ್ನ ಬಡಿಸುತ್ತಿದ್ದ ಬೇಬಿ ಅಕ್ಕ ತಲೆಯೆತ್ತಿ ನನ್ನನ್ನೇ ನೋಡಿದರು. ಹೊರಡುವಾಗ ಬೇಲಿಯ ದಣಪೆಯ ತನಕ ಬಂದು, ಗುಳ್ಳದ ಚೀಲ ಕೈಗೆ ಕೊಟ್ಟು, ಅವರು ಮೆಲ್ಲಗೆ ಹೇಳಿದರು: ‘ಅವತ್ತು ನಾನು ಅಂಗಡಿಗೆ ಬಂದದ್ದನ್ನು ಏಳು ವರ್ಷದಲ್ಲಿ ಇವರಿಗೆ ಹೇಳಲಿಲ್ಲ ಪೊರ್ಬುಗಳೇ. ಡಾಕ್ಟರು ಎರಡು ವರ್ಷ ಅಂದ ದಿನವೇ ನನಗೆ ತಿಳಿದಿತ್ತು, ನಿಮಗೆ ಗೊತ್ತಿತ್ತು ಅಂತ. ಇವರಿಗೆ ಗೆಳೆಯ ಅಂತ ಇರುವುದು ನೀವೊಬ್ಬರು. ಅದಕ್ಕೆ ಸುಮ್ಮನಿದ್ದೆ. ಇವತ್ತು ಇವರು ಹಾಗೆ ಹೇಳಿದಾಗ ಮಾತ್ರ ಹೊಟ್ಟೆ ಉರಿಯಿತು. ಹೇಳುವುದಾದ್ರೆ ನೀವೇ ಹೇಳಬೇಕು.’

ಬೇಬಿ ಅಕ್ಕನ ಮೇಲೆ ದಯವಿಟ್ಟು ಸಿಟ್ಟಾಗಬೇಡಿ. ಅವರು ನನ್ನ ಸುಳ್ಳನ್ನು ಅಡಗಿಸಿದ್ದು ನನಗಾಗಿ ಅಲ್ಲ.

ಮೊನ್ನೆ ಮಂಗಳವಾರ ಅಂಗಡಿ ಮುಚ್ಚಿ ನಾನು ಕಾಪುವಿಗೆ ಹೋದೆ. ಸಾರಮ್ಮನಿಗೆ ಈಗ ಎಪ್ಪತ್ತು ದಾಟಿರಬಹುದು. ಕಣ್ಣು ಮಂಜಾದರೂ ಗುರುತು ಹಿಡಿದರು. ಅವರ ಎದುರು ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕಾಪುವಿನ ಸಂಜೆ, ಬಾಗಿಲಿನ ಸ್ಪೀಕರ್, ಬೇಬಿ ಅಕ್ಕನಿಗೆ ಹೇಳಿದ ಸುಳ್ಳು, ಎಲ್ಲ. ಅವರು ಎಲ್ಲ ಕೇಳಿಸಿಕೊಂಡರು. ಬಾಗಿದ ಕೈಯನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಿದ್ದರು. ಕೊನೆಗೆ ಹೇಳಿದರು: ‘ಕೈ ನನ್ನದು. ಅದನ್ನು ನಾನು ಬಿಟ್ಟೆ. ನನ್ನ ಹತ್ತಿರ ನಿನಗೆ ಲೆಕ್ಕ ಇಲ್ಲ ಮಗಾ. ಆದ್ರೆ ಗಾಡಿ ಅವನದ್ದು. ಮೊದಲೇ ಗೊತ್ತಾಗಿದ್ರೆ ಅವ ತಲೆ ಎತ್ತಿಕೊಂಡು ಗಾಡಿಯಿಂದ ಇಳೀತಿದ್ದ. ಅದರ ಲೆಕ್ಕ ಅವನ ಹತ್ತಿರ ಕೇಳು, ನನ್ನ ಹತ್ತಿರ ಅಲ್ಲ.’

ಅದನ್ನೇ ನಿಮ್ಮ ಹತ್ತಿರ ಕೇಳಲು ಬರೆಯುತ್ತಿದ್ದೇನೆ. ಕಿವಿಯನ್ನು ನನ್ನಿಂದ ಉಳಿಸಲಾಗುತ್ತಿರಲಿಲ್ಲ. ಆದರೆ ನಿಮ್ಮಷ್ಟಕ್ಕೆ ನೀವೇ ಯೋಚಿಸಿ, ನೀವೇ ಒಂದು ದಿನ ಗೊತ್ತು ಮಾಡಿ, ಸ್ಟ್ಯಾಂಡಿನವರಿಗೆಲ್ಲ ಚಹಾ ಕೊಡಿಸಿ, ಕಾರನ್ನು ತೊಳೆದು ನಿಲ್ಲಿಸಿ ಇಳಿಯಬಹುದಿತ್ತು. ಅದನ್ನು ನಿಮ್ಮಿಂದ ಕಸಿದುಕೊಂಡವನು ನಾನು. ಸಾರಮ್ಮನ ಕೈಗೆ ನೀವೊಬ್ಬರೇ ಕಾರಣವೆಂದು ಏಳು ವರ್ಷ ಕೊರಗಿದಿರಿ. ಆ ಕೊರಗಿನಲ್ಲಿ ಅರ್ಧ ನನ್ನದಾಗಿತ್ತು. ಅದನ್ನೂ ನಿಮ್ಮ ಹೆಗಲಿಗೇ ಬಿಟ್ಟು ನಾನು ನಿಮ್ಮ ಮನೆಯಲ್ಲಿ ಉಂಡು ಬಂದೆ.

ಕ್ಷಮಿಸಿ ಎಂದು ಬರೆದರೆ ಅದೂ ಒಂದು ಸುಲಭದ ಕೆಲಸವಾಗುತ್ತದೆ. ಬರುವ ಭಾನುವಾರ ಮೊದಲ ಪೂಜೆ ಮುಗಿಸಿ ಬರುತ್ತೇನೆ. ಅಷ್ಟರಲ್ಲಿ ಈ ಕಾಗದ ನಿಮಗೆ ಮುಟ್ಟಿರುತ್ತದೆ. ದಣಪೆಯ ಹೊರಗೇ ನಿಲ್ಲುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ಸ್ಲೇಟೂ ಬೇಡ. ಬೈಯಬೇಕೆನಿಸಿದರೆ ಗದ್ದೆಯವರಿಗೆಲ್ಲ ಕೇಳುವ ಹಾಗೆ ಬಾಯಿ ತುಂಬ ಬೈಯಿರಿ. ನನಗೆ ಕೇಳಿಸುತ್ತದೆ, ದೇವದಾಸಣ್ಣ. ಕೇಳಿಸಿಕೊಳ್ಳಲಿಕ್ಕೆಂದೇ ಬರುತ್ತೇನೆ.

ನಿಮ್ಮ ಗದ್ದೆಗೆ ಹುಳ ಬಾರದಿರಲಿ. ನಿಮ್ಮನ್ನೂ ಬೇಬಿ ಅಕ್ಕನನ್ನೂ ದೇವರು ಚೆನ್ನಾಗಿಟ್ಟಿರಲಿ.

ಇನ್ನೂ ಹಾಗೆ ಕರೆಸಿಕೊಳ್ಳುವ ಯೋಗ್ಯತೆ ಉಳಿದಿದ್ದರೆ, ನಿಮ್ಮ ಪೊರ್ಬು,
ಲಿಯೋನೆಲ್